ಮಾತು ಬಾರದ ಕೂಸಿಗೆ ಮಾತಾಗಿರಿ

(ಶತಮಾನೋತ್ಸವದ ಅಂಗವಾಗಿ, ನವಜಾತ ಶಿಶುಗಳ ಆರೈಕೆಗೆ ಹೊರಟ ಹೊಸ ದಾದಿಯರನ್ನು ಹರಸಲು ಸೇರಿದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಆಡಿದ ಮಾತುಗಳು)



ನೂರು ವರ್ಷ ತುಂಬಿದ ಹಬ್ಬವನ್ನು ಆಚರಿಸುತ್ತಿರುವ ನಾವು, ಇಂದು ಒಂದು ದಿನದ ಆಯುಷ್ಯವೂ ತುಂಬದ ಕೂಸುಗಳನ್ನು ನೆನೆಯುವುದು ಉಚಿತವೇ ಆಗಿದೆ. ನಮ್ಮ ಧರ್ಮಕೇಂದ್ರದ ಕೆಲವು ಹೆಣ್ಣುಮಕ್ಕಳು ನರ್ಸಿಂಗ್ ಶಿಕ್ಷಣವನ್ನು ಮುಗಿಸಿ, ಆ ಕೂಸುಗಳ ಸೇವೆಗೆ ಸೇರಲಿದ್ದಾರೆ. ತಾಯ್ತಂದೆಯರ ಮುಖದಲ್ಲಿ ಹೆಮ್ಮೆಯಿದೆ; ಮಕ್ಕಳ ಮುಖದಲ್ಲಿ ಅಳುಕಿದೆ. ಆ ಅಳುಕಿನ ಕುರಿತೇ ನಾಲ್ಕು ಮಾತುಗಳನ್ನು ಆಡಬಯಸುತ್ತೇನೆ.

ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವಿದೆ. ಗುಬ್ಬಿಯಿಂದ ಸುಮಾರು 20 ಕಿ.ಮೀ., ಕುಣಿಗಲಿನಿಂದ ಸುಮಾರು 35 ಕಿ.ಮೀ. ದಾರಿಯನ್ನು ಆಂಬುಲೆನ್ಸಿನಲ್ಲಿ ಸವೆಸಿ ಬರುವ ಕೂಸಿಗೆ ಆ ದಾರಿಯಲ್ಲಿ ಚಳಿಯೇ ದೊಡ್ಡ ಶತ್ರು. 37 ವಾರ ತುಂಬುವ ಮುನ್ನವೇ ಹುಟ್ಟಿದ ಶಿಶುವಿನ ಚರ್ಮದಡಿ ಕೊಬ್ಬು ಕಡಿಮೆ. ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಮೈ ತಣ್ಣಗಾದರೆ ರಕ್ತದ ಸಕ್ಕರೆ ಇಳಿಯುತ್ತದೆ, ಉಸಿರು ಸೋಲುತ್ತದೆ. ಆದುದರಿಂದ ಅದರ ಮೈಬಿಸಿಯನ್ನು 36.5ರಿಂದ 37.5 ಡಿಗ್ರಿಯೊಳಗೆ ಕಾಯುವುದು ಹೊಸ ದಾದಿ ಕಲಿಯುವ ಮೊದಲ ಪಾಠ.

ಇದಕ್ಕೆ ಯಂತ್ರಗಳಿವೆ. ಆದರೆ 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ, ಡಾ. ಎಡ್ಗರ್ ರೇ ಎಂಬುವರು ಕೂಸನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿ ಕಾಪಾಡುವ ಕ್ರಮವನ್ನು ತಂದರು. ಕಾಂಗರೂ ಆರೈಕೆಯೆಂದು ಅದಕ್ಕೆ ಹೆಸರು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕೊಪ್ಪಳ ಜಿಲ್ಲೆಯಲ್ಲಿ ಈ ಕ್ರಮವನ್ನು ರೂಢಿಗೆ ತರಲು ದುಡಿದಿದ್ದಾರೆ. ಹುಟ್ಟಿದ ಬಳಿಕ ಆದಷ್ಟು ಬೇಗ ಆರಂಭಿಸಿ, ದಿನಕ್ಕೆ 8ರಿಂದ 24 ಗಂಟೆಗಳ ಕಾಲ ಹೀಗೆ ಇರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಲಹೆ ನೀಡಿತು. ಇದನ್ನು ಬಾಣಂತಿಗೆ ಕಲಿಸಿ, ಹೆದರುವ ಅಜ್ಜಿಯನ್ನು ಒಪ್ಪಿಸುವ ತಾಳ್ಮೆ ನಿಮ್ಮದಾಗಲಿ.

ಇನ್ನು ಅಳುಕಿನ ಮಾತು. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊದಲ ವಾರವೇ ನನ್ನ ಬಳಿ ಬಂದು ಅತ್ತಳು. "ಫಾದರ್, ನನ್ನ ಕೈ ನಡುಗುತ್ತದೆ," ಎಂದಳು. ಒಂದು ಕಿಲೋ ತೂಗುವ ಕೂಸಿಗೆ ಅವಳು ಔಷಧವನ್ನು ಲೆಕ್ಕ ಹಾಕಿ ಸಿರಿಂಜಿಗೆ ತುಂಬಿದ್ದಳು. ಪ್ರಮಾಣ ಹೆಚ್ಚಾಯಿತೇನೋ ಎಂಬ ಸಂಶಯ. ಆದರೆ ಹಿಂದಿನ ದಿನವಷ್ಟೇ, "ಇಷ್ಟೂ ಗೊತ್ತಿಲ್ಲವೇ?" ಎಂದು ಹಿರಿಯ ದಾದಿಯೊಬ್ಬರು ಎಲ್ಲರೆದುರು ಗದರಿಸಿದ್ದರಿಂದ ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಕೇಳಿಯೇಬಿಟ್ಟಳು. ದಶಮಾಂಶದ ಚುಕ್ಕೆ ಒಂದು ಸ್ಥಾನ ಸರಿದಿತ್ತು. ಸಿರಿಂಜಿನಲ್ಲಿದ್ದುದು ಕೊಡಬೇಕಾದುದರ ಹತ್ತರಷ್ಟು!

"ಮಗಳೇ, ಆ ಕೂಸನ್ನು ಉಳಿಸಿದ್ದು ನಿನ್ನ ನಡುಗುವ ಕೈಯೇ," ಎಂದೆ ನಾನು. ಕೇಳಲು ನಾಚುವುದು ಕೂಸಿಗೆ ಅಪಾಯ. ಹಸಿವೆಂದು, ನೋವೆಂದು, ಇದು ತಪ್ಪೆಂದು ಅದು ಹೇಳಲಾರದು. ಅದರ ಪರವಾಗಿ ಕೇಳಬೇಕಾದವಳು ನೀನೇ.

ಇದೇ ತುಮಕೂರಿನಲ್ಲಿ 2022ರ ನವೆಂಬರಿನಲ್ಲಿ ನಡೆದುದನ್ನು ನಾವು ಮರೆಯಲಾಗದು. ಹೆರಿಗೆಯ ನೋವಿನಿಂದ ಆಸ್ಪತ್ರೆಗೆ ಬಂದ ಬಡ ತಾಯಿಯೊಬ್ಬರು, ತಾಯಿ ಕಾರ್ಡ್ ಇಲ್ಲವೆಂದು ದಾಖಲಾಗದೆ ಹಿಂದಿರುಗಿ, ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತರು. ತಾಯಿಯೂ ಎರಡು ಕೂಸುಗಳೂ ತೀರಿಕೊಂಡರು. ಕರ್ತವ್ಯದಲ್ಲಿದ್ದ ವೈದ್ಯೆಯೂ ದಾದಿಯರೂ ಅಮಾನತುಗೊಂಡರು. ಯಾರ ಮೇಲೂ ಕಲ್ಲೆಸೆಯಲು ಇದನ್ನು ಹೇಳುತ್ತಿಲ್ಲ. ಆದರೆ ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳವಿಲ್ಲದೆ ಹೋದುದನ್ನು ಪ್ರತಿ ಕ್ರಿಸ್ಮಸ್‌ನಲ್ಲಿ ನೆನೆದು ಮರುಗುವ ನಾವು, ನಮ್ಮೂರಿನ ಬಾಗಿಲಲ್ಲಿ ನಿಂತವರನ್ನು ಕಾಣದೆ ಹೋದರೆ ಆ ಮರುಕಕ್ಕೆ ಬೆಲೆಯೇನು? ಕಾಗದ ಕೇಳುವ ಮೊದಲು ಮುಖ ನೋಡಿರಿ. "ಒಮ್ಮೆ ಪರೀಕ್ಷಿಸೋಣ," ಎನ್ನುವ ಧೈರ್ಯ ನಿಮಗೆ ಬರಲಿ, ಹೊಸಬರೆಂಬ ಸಂಕೋಚ ಅಡ್ಡಬಾರದಿರಲಿ.

ಇಲ್ಲಿ ಕುಳಿತಿರುವ ಹಿರಿಯ ದಾದಿಯರಲ್ಲಿಯೂ ನನ್ನದೊಂದು ಬಿನ್ನಹ. ಕೇಳಿದವಳನ್ನು ಗದರಿಸಬೇಡಿ. ಇಂದು ನೀವು ಮುಚ್ಚಿಸಿದ ಬಾಯಿ ನಾಳೆ ಒಂದು ಕೂಸಿನ ಪಾಲಿಗೆ ತೆರೆಯದೇ ಹೋದೀತು.

ಎಲ್ಲ ಕೂಸುಗಳೂ ಉಳಿಯುವುದಿಲ್ಲ. ಅಂಥ ರಾತ್ರಿ ತಾಯಿಯ ಕೈ ಹಿಡಿದು ಸುಮ್ಮನೆ ಕುಳಿತರೂ ಸಾಕು, ಅದೂ ಶುಶ್ರೂಷೆಯೇ. ಬೆಳಿಗ್ಗೆ ಪಾಳಿ ಮುಗಿಸಿ ಮನೆಗೆ ಮರಳುವಾಗ ದೇವಾಲಯದ ಬಾಗಿಲು ನಿಮಗಾಗಿ ತೆರೆದಿರುತ್ತದೆ. ಬಾಲಯೇಸುವನ್ನು ಎತ್ತಿ ಆಡಿಸಿದ ಮಾತೆ ಮರಿಯಮ್ಮನವರು ನಿಮ್ಮ ಕೈಗಳನ್ನು ಹರಸಲಿ. ಆಮೆನ್.