ನಿಂತ ನಾಯಿಗೆ ಕೋಟು

ಚಳಿಗಾಲಕ್ಕೆ ಕೆಲಸದ ನಾಯಿಗೊಂದು ಕೋಟು ಕೊಳ್ಳಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಎರಡೇ ಸಂಗತಿ: ಎಷ್ಟು ದಪ್ಪಗಿದೆ, ಬೆಲೆ ಎಷ್ಟು. ಇವೆರಡೂ ಆಮೇಲಿನ ಮಾತು. ಆ ನಾಯಿಗೆ ಚಳಿ ತಾಗುವುದು ದಿನದ ಯಾವ ಹೊತ್ತಿನಲ್ಲಿ, ಮೈಯ ಯಾವ ಭಾಗದಲ್ಲಿ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಜಾರುಬಂಡಿ ಎಳೆಯುವ ನಾಯಿ, ಗಡಿಯಲ್ಲಿ ಗಸ್ತು ತಿರುಗುವ ನಾಯಿ, ಹಿಮದಡಿ ಹೂತವರನ್ನು ಹುಡುಕುವ ನಾಯಿ, ಮಂದೆ ಕಾಯುವ ನಾಯಿ, ಇವುಗಳ ಕೆಲಸ ಬೇರೆ ಬೇರೆಯಾದರೂ ಪಾಡು ಒಂದೇ. ಓಡಾಡುವಷ್ಟು ಹೊತ್ತು ಮೈ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕೆಲಸ ನಿಂತು, ವಾಹನದ ಹಿಂಬದಿಯಲ್ಲೋ ಬಯಲಲ್ಲೋ ಮುಂದಿನ ಅಪ್ಪಣೆಗೆ ಕಾಯುತ್ತ ಕೂತಾಗ ಚಳಿ ಒಳಕ್ಕೆ ಇಳಿಯುತ್ತದೆ. ಹಾಗಾಗಿ ಕೋಟನ್ನು ಆರಿಸಬೇಕಾದದ್ದು ನಿಂತ ನಾಯಿಗಾಗಿ. ಓಡಲು ಎದ್ದಾಗ ಅದನ್ನು ಬೇಗ ಬಿಚ್ಚಲು ಬರಬೇಕು. ಕೋಟು ದಪ್ಪವಾದಷ್ಟೂ ಒಳ್ಳೆಯದು, ಒಮ್ಮೆ ತೊಡಿಸಿದರೆ ಕೆಲಸ ಮುಗಿಯುವವರೆಗೂ ಇರಲಿ ಎನ್ನುವ ರೂಢಿಯ ನಂಬಿಕೆ ತಪ್ಪು ಎಂಬುದು ನನ್ನ ವಾದ.

ನಾಯಿಯ ಮೈ ಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮಗಿಂತ ಒಂದೆರಡು ಡಿಗ್ರಿ ಹೆಚ್ಚು. ಹೊರಗೆ ಎಷ್ಟೇ ಥಂಡಿಯಿದ್ದರೂ ಇದನ್ನು ಕಾಪಾಡಿಕೊಳ್ಳಬೇಕು. ಶರೀರಕ್ರಿಯಾ ವಿಜ್ಞಾನಿ ಶಾಲಾಂಡರ್ ಮತ್ತು ಅವರ ಸಂಗಡಿಗರು ಅಲಾಸ್ಕದಲ್ಲೂ ಪನಾಮಾದಲ್ಲೂ ಪ್ರಾಣಿಗಳ ಮೇಲೆ ನಡೆಸಿದ ಅಳತೆಗಳನ್ನು 1950ರಲ್ಲಿ ಪ್ರಕಟಿಸಿದರು. ಸುತ್ತಲ ಗಾಳಿ ಎಷ್ಟು ತಣ್ಣಗಾದಾಗ ಪ್ರಾಣಿಯ ಮೈ ಹೆಚ್ಚುವರಿ ಶಾಖಕ್ಕಾಗಿ ಒಳಗಿನ ಒಲೆ ಉರಿಸತೊಡಗುತ್ತದೆ ಎಂಬುದು ಅವರ ಪ್ರಶ್ನೆ. ಉಷ್ಣವಲಯದ ಪ್ರಾಣಿಗಳಲ್ಲಿ 20ರಿಂದ 30 ಡಿಗ್ರಿಯ ನಡುವೆಯೇ ಅದು ಶುರುವಾಯಿತು. ಉತ್ತರ ಧ್ರುವದ ಬಿಳಿನರಿ ಮಾತ್ರ ಮೈನಸ್ 40 ಡಿಗ್ರಿಯವರೆಗೂ ತಣ್ಣಗೆ ಕೂತಿತ್ತು. ಎರಡೂ ಕಡೆ ರಕ್ತದ ಬಿಸಿ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸವಿದ್ದದ್ದು ಮುಖ್ಯವಾಗಿ ಹೊದಿಕೆಯಲ್ಲಿ. ನಾಯಿ ಎಂಬ ಒಂದೇ ಜಾತಿಯೊಳಗೂ ಈ ಅಂತರ ಹರಡಿಕೊಂಡಿದೆ. ಹಸ್ಕಿಗೆ ಮೇಲೆ ಒರಟು ಕೂದಲು, ಕೆಳಗೆ ಒತ್ತಾದ ಮೃದು ತುಪ್ಪಳ, ಹೀಗೆ ಎರಡು ಪದರ. ನಮ್ಮ ಮುಧೋಳ ನಾಯಿಗೆ ನಯವಾದ ಒಂದು ಗಿಡ್ಡ ಪದರವಷ್ಟೆ, ಅದರಡಿ ತೆಳು ಚರ್ಮ, ಚರ್ಮದಡಿ ಕೊಬ್ಬಂತೂ ಇಲ್ಲವೇ ಇಲ್ಲ ಎನ್ನಬೇಕು. ಉದ್ದ ಕಾಲು, ಒಳಸರಿದ ಹೊಟ್ಟೆ, ಎಣಿಸುವಂತೆ ಕಾಣುವ ಪಕ್ಕೆಲುಬು, ಎಲ್ಲವೂ ಶಾಖ ಬಿಟ್ಟುಕೊಡಲೆಂದೇ ಮಾಡಿದಂತಿರುವ ಮೈ. ಬಾಗಲಕೋಟೆಯ ಬಿಸಿಲಿನಲ್ಲಿ ಮೊಲ ಅಟ್ಟುವುದಕ್ಕೆ ಅದು ವರ. 2016ರಲ್ಲಿ ಈ ತಳಿಯ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಡಿಸೆಂಬರಿನ ಮೀರತ್ ರಾತ್ರಿಯಲ್ಲಿ ಆ ವರವೇ ಹೊರೆ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತಳಿ ಮತ್ತು ತರಬೇತಿ ಶಾಲೆಯಿದೆ. ಅಲ್ಲಿ ಪಳಗುವ ಬೆಲ್ಜಿಯನ್ ಮಲಿನಾಯ್ ನಾಯಿಗಳದ್ದು ಎರಡು ಪದರದ ಕೂದಲೇ, ಆದರೆ ಗಿಡ್ಡ. ಬೆಂಗಳೂರಿನ ಹದವಾದ ಹವೆಯಲ್ಲಿ ಬೆಳೆದ ನಾಯಿ ಮುಂದೆ ಕಾಶ್ಮೀರಕ್ಕೂ ಹೋಗಬೇಕಾಗಬಹುದು. ಈ ಮೂರು ನಾಯಿಗಳಿಗೆ ಒಂದೇ ಅಂಗಡಿಯಿಂದ ಒಂದೇ ಬಗೆಯ ಕೋಟು ತಂದು ಹಂಚಿದರೆ ಒಂದಕ್ಕೆ ಸಾಲದು, ಒಂದಕ್ಕೆ ಜಾಸ್ತಿ.

ಜಾಸ್ತಿಯಾದರೆ ಏನು ಹಾನಿ, ಬೆಚ್ಚಗಿದ್ದರೆ ಒಳ್ಳೆಯದೇ ಅಲ್ಲವೆ ಎನ್ನಬಹುದು. ಇಲ್ಲಿಯೇ ಮನುಷ್ಯನ ಅನುಭವ ನಮ್ಮನ್ನು ದಾರಿ ತಪ್ಪಿಸುವುದು. ಸ್ನಾಯು ದುಡಿಯುವಾಗ ಅದು ಉರಿಸುವ ಶಕ್ತಿಯಲ್ಲಿ ಚಲನೆಗೆ ಸಲ್ಲುವುದು ಕಾಲು ಪಾಲಿನಷ್ಟು. ಉಳಿದದ್ದೆಲ್ಲ ಶಾಖ. ಆ ಶಾಖವನ್ನು ನಾವು ಮೈತುಂಬ ಬೆವರಿ ಕಳೆಯುತ್ತೇವೆ. ನಾಯಿ ಬೆವರುವುದು ಪಾದದಡಿಯಲ್ಲಿ ಅಷ್ಟಿಷ್ಟು, ದುಡಿಯುವಾಗ ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದಕ್ಕಿರುವ ಮುಖ್ಯ ದಾರಿ. ಅಲಾಸ್ಕದ ಇಡಿಟರಾಡ್ ಪಂದ್ಯದಲ್ಲಿ ಸುಮಾರು 1,600 ಕಿಲೋಮೀಟರ್ ಜಾರುಬಂಡಿ ಎಳೆಯುವ ನಾಯಿ ದಿನಕ್ಕೆ 10,000 ಕ್ಯಾಲರಿಗೂ ಮೀರಿ ಉರಿಸುತ್ತದೆ, ಅಷ್ಟೇ ತೂಕದ ಮನೆನಾಯಿಗೆ ಬೇಕಾದದ್ದರ ಹಲವು ಪಟ್ಟು. ಸೊನ್ನೆಗಿಂತ ಎಷ್ಟೋ ಕೆಳಗಿನ ಹವೆಯಲ್ಲೂ ಅಂಥ ನಾಯಿಯ ಮೈ ಕಾಯುತ್ತದೆ. ಬಂಡಿ ಹೊಡೆಯುವವರಿಗೆ ಬಿಸಿಲೇರಿದ ದಿನ ಭಯ, ಕಡುಚಳಿಯ ದಿನ ನಿರಾಳ. ಮೂಸಿ ಹುಡುಕುವ ನಾಯಿಗೆ ಇನ್ನೊಂದು ನಷ್ಟವಿದೆ. ಇಸ್ರೇಲಿನ ಗಜಿತ್ ಮತ್ತು ಟೆರ್ಕೆಲ್ ಎಂಬ ಸಂಶೋಧಕರು ಸ್ಫೋಟಕ ಪತ್ತೆ ಮಾಡುವ ನಾಯಿಗಳನ್ನು ದಣಿಸಿ, ಆಮೇಲೆ ಹುಡುಕಲು ಬಿಟ್ಟು ನೋಡಿದರು. ಏದುಸಿರು ಹೆಚ್ಚಿದಂತೆ ಪತ್ತೆಯ ಚುರುಕು ತಗ್ಗಿತು ಎಂದು 2003ರಲ್ಲಿ ಬರೆದರು. ಬಾಯಿ ತೆರೆದು ತೇಕುವ ನಾಯಿಗೆ ಮೂಗಿನಿಂದ ಸರಿಯಾಗಿ ಮೂಸಲಾಗದು ಎಂಬುದು ಸರಳ ಸತ್ಯ. ಅದು ವ್ಯಾಯಾಮದ ಪ್ರಯೋಗವೇ ಹೊರತು ಕೋಟಿನ ಪ್ರಯೋಗವಲ್ಲ, ನಿಜ. ಆದರೆ ಮೈ ಕಾಯಿಸಿ ಏದುಸಿರು ತರಿಸುವ ಯಾವುದೂ ಅದೇ ಗುಂಡಿಗೆ ತಳ್ಳುತ್ತದೆ. ಬಾಂಬು ಹುಡುಕುವ ನಾಯಿಯ ಮೇಲೆ ಕೆಲಸದ ಹೊತ್ತಿನಲ್ಲಿ ದಪ್ಪ ಕೋಟು ಹೊದಿಸುವುದೆಂದರೆ ಅದರ ಮೂಗಿಗೆ ಅಡ್ಡಬಂದಂತೆಯೇ.

ಇನ್ನು ಮೈಯ ಯಾವ ಭಾಗ ಎಂಬ ಪ್ರಶ್ನೆ. 1925ರ ಜನವರಿಯಲ್ಲಿ ಅಲಾಸ್ಕದ ನೋಮ್ ಪಟ್ಟಣದಲ್ಲಿ ಗಂಟಲುಮಾರಿ ಎದ್ದಿತು. ಮದ್ದನ್ನು ನೆನಾನದಿಂದ ಸುಮಾರು 1,085 ಕಿಲೋಮೀಟರ್ ದೂರಕ್ಕೆ ಇಪ್ಪತ್ತರಷ್ಟು ಮಂದಿ ನಾಯಿಬಂಡಿಗಳಲ್ಲಿ ಕೈಯಿಂದ ಕೈಗೆ ದಾಟಿಸಿದರು. ಕೊನೆಯ ಗಡಿ ಮುಟ್ಟಿದ ಬಾಲ್ಟೊ ಎಂಬ ನಾಯಿಗೆ ನ್ಯೂಯಾರ್ಕಿನಲ್ಲಿ ಪ್ರತಿಮೆಯೇ ಎದ್ದಿತು. ನಮಗೆ ಪಾಠವಿರುವುದು ಮಾತ್ರ ಪ್ರತಿಮೆಯಿಲ್ಲದ ಎರಡು ನಾಯಿಗಳಲ್ಲಿ. ಚಾರ್ಲಿ ಇವಾನ್ಸ್ ಎಂಬಾತನ ಸರದಿ ಬಂದಾಗ ಚಳಿ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿತ್ತು. ಆತನ ಮುಂಚೂಣಿಯ ಎರಡೂ ನಾಯಿಗಳು ಗಿಡ್ಡಗೂದಲಿನ ಮಿಶ್ರತಳಿ. ಅಂಥ ನಾಯಿಗಳ ತೊಡೆಸಂದಿಗೆ ಮೊಲದ ಚರ್ಮ ಕಟ್ಟುವುದು ಅಲ್ಲಿನ ರೂಢಿ, ಅವತ್ತು ಆತ ಅದನ್ನು ಮರೆತಿದ್ದ. ತೊಡೆಸಂದಿನ ಮಾಂಸ ಹೆಪ್ಪುಗಟ್ಟಿ ಎರಡೂ ದಾರಿಯಲ್ಲೇ ಕುಸಿದವು. ಆತ ತಾನೇ ಹಗ್ಗಕ್ಕೆ ಹೆಗಲು ಕೊಟ್ಟು ಬಂಡಿ ಎಳೆದ. ಕೂದಲು ಒತ್ತಾಗಿರುವುದು ಬೆನ್ನಿನ ಮೇಲೆ. ಹೊಟ್ಟೆಯಡಿ, ತೊಡೆಯ ಒಳಮೈ, ಗಂಡಿನ ವೃಷಣ, ಹಾಲೂಡುವ ಹೆಣ್ಣಿನ ಮೊಲೆತೊಟ್ಟು, ಕಿವಿಯ ತುದಿ, ಬಾಲದ ತುದಿ, ಇವು ಬರಿಮೈ. ಅಂಗಡಿಯ ಕೋಟುಗಳಲ್ಲಿ ಹೆಚ್ಚಿನವು ಬೆನ್ನಿಗೆ ದಪ್ಪ ಬಟ್ಟೆ ಹಾಸಿ ಹೊಟ್ಟೆಯಡಿ ಒಂದು ಪಟ್ಟಿ ಮಾತ್ರ ಬಿಗಿಯುತ್ತವೆ, ಮಳೆಗೆ ಹೆದರಿದವನು ಚಪ್ಪಲಿ ಬಿಟ್ಟು ಛತ್ರಿ ಎರಡು ಹಿಡಿದ ಹಾಗೆ. ಕೊಳ್ಳುವವರು ಕೋಟನ್ನು ಮೊದಲು ತಿರುಗಿಸಿ ಅದರ ಹೊಟ್ಟೆಭಾಗ ನೋಡಬೇಕು. ಎದೆಯಿಂದ ಪಕ್ಕೆಲುಬು ಮುಗಿಯುವವರೆಗೆ ಬಟ್ಟೆ ಸುತ್ತಿರಬೇಕು. ಗಂಡು ನಾಯಿಯಾದರೆ ಅದರಾಚೆ ಬಿಟ್ಟಿರಬೇಕು, ಇಲ್ಲವಾದರೆ ಉಚ್ಚೆ ತಾಗಿ ನೆನೆದ ಬಟ್ಟೆ ಅಲ್ಲೇ ಮಂಜುಗಡ್ಡೆಯಾಗುತ್ತದೆ. ಕಾಪಾಡಬೇಕಾದ ಜಾಗವನ್ನೇ ಕೋಟು ಕೊರೆಯುತ್ತದೆ.

ದಪ್ಪಕ್ಕಿಂತ ಬಟ್ಟೆಯ ಗುಣ ಮುಖ್ಯ. ತುಪ್ಪಳವಾಗಲಿ ಉಣ್ಣೆಯಾಗಲಿ ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕಿದ ಅಲುಗಾಡದ ಗಾಳಿಯಿಂದ. ಬೀಸುಗಾಳಿ ಬಂದರೆ ಆ ಗಾಳಿ ಹಾರಿಹೋಗುತ್ತದೆ, ನೀರು ಬಂದರೆ ಅದರ ಜಾಗ ನೀರಿನದಾಗುತ್ತದೆ. ನೀರು ಶಾಖವನ್ನು ಗಾಳಿಗಿಂತ ಇಪ್ಪತ್ತೈದು ಪಟ್ಟು ಹೆಚ್ಚು ಸಾಗಿಸುತ್ತದೆ. ಆದ್ದರಿಂದ ಸೊನ್ನೆಗಿಂತ ಎರಡು ಡಿಗ್ರಿ ಮೇಲೆ ಬೀಳುವ ಜಡಿಮಳೆ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಗಾಳಿಯಿಲ್ಲದ ಒಣ ಚಳಿಗಿಂತ ನಾಯಿಗೆ ಕೆಟ್ಟದ್ದಾಗಿರಬಹುದು. ದಟ್ಟ ತುಪ್ಪಳದ ನಾಯಿಗೆ ಬಹುಮಟ್ಟಿಗೆ ಗಾಳಿ ತಡೆಯುವ ತೆಳುವಾದ ಹೊರಹೊದಿಕೆ ಸಾಕು. ಒಳಗೆ ಹತ್ತಿ ತುಂಬಿದ ಬಿಗಿ ಕೋಟು ಅದರ ತುಪ್ಪಳವನ್ನೇ ಅದುಮಿ ಗಾಳಿ ಹೊರಡಿಸುತ್ತದೆ, ಅಂದರೆ ಕೊಟ್ಟು ಕಸಿದುಕೊಳ್ಳುತ್ತದೆ. ಗಿಡ್ಡಗೂದಲಿನ ನಾಯಿಗೆ ಒಳಪದರ ಬೇಕು, ಉಣ್ಣೆಯದ್ದೋ ಫ್ಲೀಸಿನದ್ದೋ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಒದ್ದೆ ಎನ್ನಿಸುವುದಿಲ್ಲ ಎಂಬುದು ಕುರಿ ಹಟ್ಟಿಯ ಕಂಬಳಿ ಹೊದ್ದವರಿಗೆಲ್ಲ ಗೊತ್ತು. ಆದರೆ ಅದು ಭಾರ, ಒಣಗಲು ಹೊತ್ತು ಬೇಕು. ಫ್ಲೀಸ್ ಹಗುರ, ಕೊಡವಿದರೆ ಅರ್ಧ ಒಣಗಿದಂತೆ, ಆದರೆ ಗಾಳಿಗೆ ಜರಡಿ, ಮೇಲೊಂದು ಹೊದಿಕೆ ಇಲ್ಲದೆ ನಿಲ್ಲದು. ಹತ್ತಿಬಟ್ಟೆಯನ್ನು ಪಟ್ಟಿಯಿಂದಲೇ ಕೈಬಿಡಬಹುದು, ನೆಂದರೆ ಅದು ಬರೀ ತಣ್ಣೀರು ಬಟ್ಟೆ. ತಣ್ಣೀರಿಗೆ ಧುಮುಕಿ ಬಾತು ತರುವ ಲ್ಯಾಬ್ರಡಾರುಗಳಿಗೆ ವಿದೇಶಗಳಲ್ಲಿ ನಿಯೋಪ್ರೀನಿನ ಅಂಗಿ ತೊಡಿಸುತ್ತಾರೆ. ನೀರಲ್ಲೂ ದಡದ ಕಾಯುವಿಕೆಯಲ್ಲೂ ಅದು ಉಪಕಾರಿ. ಅದನ್ನೇ ಕಂಡು ಗಸ್ತಿನ ನಾಯಿಗೂ ತೊಡಿಸಿದರೆ ಗಾಳಿಯಾಡದ ರಬ್ಬರಿನೊಳಗೆ ಅದು ಬೇಯುತ್ತದೆ.

ಅಳತೆಯ ವಿಷಯದಲ್ಲಿ ತೂಕ ನೋಡಿ ಕೊಳ್ಳುವವರು ಮೋಸಹೋಗುತ್ತಾರೆ. ಕೊರಳಪಟ್ಟಿ ಕೂರುವ ಜಾಗದಿಂದ ಬಾಲದ ಬುಡದವರೆಗೆ ಬೆನ್ನುದ್ದ, ಮುಂಗಾಲಿನ ಹಿಂದೆ ಎದೆ ಅತಿ ಆಳವಾಗಿರುವಲ್ಲಿ ಸುತ್ತಳತೆ, ಈ ಎರಡು ಬೇಕು. ಮುಧೋಳದಂಥ ನಾಯಿಗೆ ಸೊಂಟದ ಸುತ್ತಳತೆಯೂ ಬೇಕು. ಎದೆ ಆಳ, ಸೊಂಟ ಹಿಡಿಯಷ್ಟು. ಲ್ಯಾಬ್ರಡಾರಿಗೆ ಕತ್ತರಿಸಿದ ಕೋಟು ಅದರ ಎದೆಗೆ ಸರಿಹೋದರೂ ಸೊಂಟದಲ್ಲಿ ಜೋಲುತ್ತದೆ, ಆ ಜೋಲಿನಲ್ಲಿ ಗಾಳಿ ನುಗ್ಗುತ್ತದೆ. ಕೋಟು ತೊಡಿಸಿ ನಾಯಿಯನ್ನು ಹತ್ತು ಹೆಜ್ಜೆ ನಡೆಸಿ ಕೂರಿಸಿ ಮಲಗಿಸಿ ನೋಡಬೇಕು. ನಿಂತಾಗ ಒಪ್ಪುವ ಕೋಟು ಮುಂಗಾಲು ಚಾಚಿದಾಗ ಕಂಕುಳಲ್ಲಿ ಉಜ್ಜುತ್ತದೆ, ಎರಡೇ ದಿನದಲ್ಲಿ ಅಲ್ಲಿ ಕೂದಲು ಹೋಗಿ ಗಾಯ. ಕಟ್ಟುವ ಸಾಧನ ಇನ್ನೂ ಮುಖ್ಯ, ಬೇಗ ಬಿಚ್ಚಬೇಕು ಎಂಬ ನಮ್ಮ ವಾದ ಅಲ್ಲೇ ನಿಂತಿದೆ. ವೆಲ್ಕ್ರೋ ಒಣ ಹವೆಯಲ್ಲಿ ಚೆನ್ನ, ಆದರೆ ಹಿಮದ ಪುಡಿ, ಕೂದಲು ತುಂಬಿದರೆ ಹಿಡಿಯುವುದೇ ಇಲ್ಲ. ಝಿಪ್ಪು ಹೆಪ್ಪುಗಟ್ಟಿದರೆ ತೆರೆಯುವುದಿಲ್ಲ. ದಪ್ಪ ಕೈಗವಸು ಹಾಕಿದ ಹ್ಯಾಂಡ್ಲರ್ ಕತ್ತಲಲ್ಲಿ ತಡಕಿ ಒತ್ತಬಲ್ಲ ಎರಡು ದೊಡ್ಡ ಪ್ಲಾಸ್ಟಿಕ್ ಬಕಲ್ ಇವೆರಡಕ್ಕಿಂತ ಮೇಲು. ಹಾರ್ನೆಸ್ ಬಿಚ್ಚದೆಯೇ ತೆಗೆಯುವಂತೆ ಕೋಟು ಅದರ ಮೇಲೆ ಬರಬೇಕು. ತೊಡಿಸಿದ ಕಾಲು ಗಂಟೆಯ ಮೇಲೆ ಕೋಟಿನೊಳಗೆ ಅಂಗೈ ತೂರಿಸಿದರೆ ಎಲ್ಲವೂ ಗೊತ್ತಾಗುತ್ತದೆ. ಬೆಚ್ಚಗೆ ಒಣಗಿದ್ದರೆ ಸರಿ, ಒದ್ದೆಬಿಸಿಯಿದ್ದರೆ ಜಾಸ್ತಿಯಾಯಿತು, ನಾಯಿ ನಡುಗುತ್ತಿದ್ದರೆ ಸಾಲದು.

ನಾಯಿಗೆ ಪ್ರಕೃತಿಯೇ ಕೋಟು ಕೊಟ್ಟಿದೆ, ನೀವು ತೊಡಿಸಿದರೆ ಅದರ ಕೂದಲು ಬೆಳೆಯುವುದನ್ನೇ ಬಿಡುತ್ತದೆ ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಹಗಲು ಕುಗ್ಗುತ್ತ ಚಳಿ ಏರುತ್ತ ಬಂದಂತೆ ನಾಯಿಯ ಚಳಿಗೂದಲು ದಟ್ಟವಾಗುತ್ತದೆ. ಹಗಲುರಾತ್ರಿ ದೀಪ ಉರಿಯುವ ಬೆಚ್ಚನೆಯ ಕೋಣೆಯಲ್ಲಿಟ್ಟ ನಾಯಿಗೆ ಆ ಸೂಚನೆ ಸಿಗುವುದಿಲ್ಲ. ಆದ್ದರಿಂದ ಮಲೆಗೆ ಹೋಗಬೇಕಾದ ನಾಯಿಯನ್ನು ಕೆಲವು ವಾರ ಮೊದಲೇ ಆ ಹವೆಗೆ ಒಡ್ಡುವುದು ಕೋಟಿಗಿಂತ ದೊಡ್ಡ ಸಿದ್ಧತೆ ಎಂದು ಒಪ್ಪುತ್ತೇನೆ. ಆದರೆ ಪ್ರಕೃತಿ ಕೊಟ್ಟದ್ದು ಆಯಾ ಊರಿಗೆ. ಹಿಮಾಚಲದ ಗದ್ದಿ ಕುರಿಗಾಹಿಗಳ ನಾಯಿಗೆ ದಟ್ಟ ತುಪ್ಪಳವನ್ನು ಆ ಬೆಟ್ಟವೇ ಕೊಟ್ಟಿದೆ, ಅದಕ್ಕೆ ಕೋಟಿನ ಮಾತೇ ಬೇಡ. ಡೆಕ್ಕನಿನ ನಾಯಿಯನ್ನು ಬೆಟ್ಟಕ್ಕೆ ಒಯ್ದವರು ನಾವು, ಕೊರತೆ ತುಂಬುವ ಹೊಣೆಯೂ ನಮ್ಮದೇ. ಕೋಟು ಸರಿ, ಕಾಲಿಗೇನು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಪಾದಕ್ಕೆ ಇಳಿಯುವ ಬಿಸಿ ರಕ್ತ ಮೇಲೇರುವ ತಣ್ಣನೆ ರಕ್ತಕ್ಕೆ ದಾರಿಯಲ್ಲೇ ಶಾಖ ದಾಟಿಸುವ ನಾಳಗಳ ಜೋಡಣೆ ನಾಯಿಯ ಪಾದದಲ್ಲಿದೆಯೆಂದು ಜಪಾನಿನ ನಿನೊಮಿಯಾ ಅವರ ತಂಡ ತೋರಿಸಿದೆ. ಇಡಿಟರಾಡ್ ಪಂದ್ಯದಲ್ಲಿ ಪ್ರತಿ ನಾಯಿಗೆ ಎಂಟು ಕಾಲುಚೀಲ ಒಯ್ಯಲೇಬೇಕೆಂಬ ನಿಯಮವಿದೆ. ಅದರ ಉದ್ದೇಶ ಬೆಚ್ಚಗಿಡುವುದಕ್ಕಿಂತ ಹೆಚ್ಚಾಗಿ ಬೆರಳ ಸಂದಿಯಲ್ಲಿ ಮಂಜುಗಡ್ಡೆ ಕಟ್ಟದಂತೆ, ಅಂಗಾಲು ಸವೆಯದಂತೆ ನೋಡಿಕೊಳ್ಳುವುದು.

ಗಟ್ಟಿಯಾದ ಆಕ್ಷೇಪ ಹಣದ್ದು. ಕೋಟಿಗೆ ಕೊಡುವ ದುಡ್ಡನ್ನು ಆಹಾರಕ್ಕೂ ಮಲಗುವ ಜಾಗಕ್ಕೂ ಹಾಕಿದರೆ ಹೆಚ್ಚು ಲಾಭವಲ್ಲವೆ? ಹೌದು. ಚಳಿಗೆ ಉತ್ತರ ಮೊದಲು ಹೊಟ್ಟೆಯಲ್ಲಿ, ಕೊಬ್ಬು ಹೆಚ್ಚಿಸಿದ ಊಟದಲ್ಲಿ. ಆಮೇಲೆ ನೆಲದಿಂದ ಎತ್ತರಿಸಿದ, ಗಾಳಿ ಬೀಸದ, ಒಣಹುಲ್ಲು ಹಾಸಿದ ಗೂಡಿನಲ್ಲಿ. ಇಡಿಟರಾಡ್‌ನಲ್ಲಿ ಕೂಡ ತಂಗುದಾಣಗಳಲ್ಲಿ ನಾಯಿಗಳಿಗೆ ಸಿಗುವುದು ಹುಲ್ಲಿನ ಹಾಸಿಗೆ. ಅದರ ಮೇಲೆ ಅವು ಮೂಗಿನ ಮೇಲೆ ಬಾಲ ಮುಚ್ಚಿ ಸುರುಳಿಯಾಗುತ್ತವೆ. ಈ ಎರಡೂ ಇಲ್ಲದ ಕಡೆ ಕೋಟು ಕೊಂಡರೆ ಅದು ಭೇಟಿಗೆ ಬರುವ ಅಧಿಕಾರಿಗಳ ಕಣ್ಣಿಗಾಗಿ ಕೊಂಡದ್ದು. ಎರಡೂ ಇದ್ದು ಮೂರನೆಯದಾಗಿ ಕೋಟು ಕೊಳ್ಳುವಾಗ, ಒಂದು ದುಬಾರಿಯ ಬದಲು ಸಾಧಾರಣವಾದ ಎರಡನ್ನು ಕೊಳ್ಳುವುದು ಲೇಸು. ನಿನ್ನೆ ನೆಂದದ್ದು ಒಲೆಯ ಪಕ್ಕ ಆರುತ್ತಿರುವಾಗ ಇವತ್ತಿನ ಗಸ್ತಿಗೆ ಒಣಗಿದ ಇನ್ನೊಂದು ಸಿದ್ಧವಿರುತ್ತದೆ.