ವೆಬ್‌ಸೈಟ್ ಯಾರಿಗಾಗಿ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಯುವಜನರಿಗಾಗಿ ಗುಂಡ್ಲುಪೇಟೆಯಲ್ಲಿ ನಡೆದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾವು ವೆಬ್‌ಸೈಟ್ ವಿನ್ಯಾಸ ಮಾಡುವ ಕೆಲಸದವರು. ಯಾವುದೇ ಸಂಸ್ಥೆಯವರು ಬಂದು "ನಮಗೊಂದು ವೆಬ್‌ಸೈಟ್ ಬೇಕು" ಅಂದರೆ ನಾವು ಮೊದಲು ಕೇಳೋದು, "ಇದನ್ನು ಯಾರು ತೆರೆದು ನೋಡ್ತಾರೆ?" ಅಂತ. ದಾನಿಗಳು, ಅಧಿಕಾರಿಗಳು, ಬೆಂಗಳೂರಿನವರು, ಹೊರದೇಶದವರು, ಹೀಗೆ ಪಟ್ಟಿ ಬರುತ್ತದೆ. ಸಂಸ್ಥೆ ಯಾರಿಗಾಗಿ ಹಗಲಿರುಳು ದುಡಿಯುತ್ತಿದೆಯೋ ಆ ಜನರ ಹೆಸರು ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಇವತ್ತು ನಾವು ಹೇಳಬೇಕೆಂದಿರುವುದು ಇದೊಂದೇ ಮಾತು: ನಮ್ಮ ವೆಬ್‌ಸೈಟಿನ ಮೊದಲ ಓದುಗರು ನಮ್ಮ ಜನರೇ ಆಗಿರಬೇಕು.

ಪರದೆಯ ಮೇಲೆ ಬಂದ ಬಾಗಿಲು

1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದಾಗ ಪಹಣಿ ಬೇಕಾದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. 2000ದ ಸುಮಾರಿಗೆ 'ಭೂಮಿ' ಯೋಜನೆಯಿಂದ ಪಹಣಿ ಗಣಕಯಂತ್ರಕ್ಕೆ ಬಂತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಸಿಗುವಂತಾಯಿತು. ಆಮೇಲೆ 2018ರಲ್ಲಿ ಸೇವಾ ಸಿಂಧು ಬಂತು, 2022ರಲ್ಲಿ ಗ್ರಾಮ ಒನ್ ಬಂತು. 2023ರಲ್ಲಿ ಗೃಹಲಕ್ಷ್ಮಿ ಅರ್ಜಿಗಾಗಿ ಹೆಣ್ಣುಮಕ್ಕಳು ಆಧಾರ್, ರೇಷನ್ ಕಾರ್ಡ್ ಹಿಡಿದು ಸಾಲು ನಿಂತದ್ದು ನಿಮಗೆಲ್ಲ ಗೊತ್ತೇ ಇದೆ. ತೆರಕಣಾಂಬಿ ಮಾರುಕಟ್ಟೆಗೆ ಟೊಮೆಟೊ ಹೇರುವ ರೈತ ರಾಜ್ಯದ ಬೇರೆ ಮಾರುಕಟ್ಟೆಗಳ ಧಾರಣೆಯನ್ನು 'ಕೃಷಿ ಮಾರಾಟ ವಾಹಿನಿ'ಯಲ್ಲಿ ಮೊಬೈಲಿನಲ್ಲೇ ನೋಡಬಹುದು.

ಹೀಗೆ ಹಕ್ಕು, ಸವಲತ್ತು, ಬೆಲೆ ಎಲ್ಲವೂ ಪರದೆಯ ಮೇಲೆ ಬಂದಿರುವಾಗ ಒಂದು ಪುಟ ತೆರೆಯದಿದ್ದರೆ, ಅಥವಾ ತೆರೆದರೂ ಅರ್ಥವಾಗದಿದ್ದರೆ ಏನಾಗುತ್ತೆ? ಕೂಲಿ ಮಾಡುವ ತಾಯಿಗೆ ಒಂದು ದಿನದ ಕೂಲಿ ಹೋಗುತ್ತೆ, ಬಸ್ಸಿನ ಚಾರ್ಜು ಹೋಗುತ್ತೆ. ಕೊನೆಯ ದಿನಾಂಕ ಕಳೆದರೆ ಮಗುವಿನ ವಿದ್ಯಾರ್ಥಿವೇತನವೇ ಹೋಗುತ್ತೆ. ಆದ್ದರಿಂದ ವಿನ್ಯಾಸ ಎಂಬುದು ಅಲಂಕಾರದ ವಿಷಯ ಅಂತ ಕೈಬಿಡುವ ಹಾಗಿಲ್ಲ. ಅದು ನ್ಯಾಯದ ವಿಷಯವೂ ಹೌದು.

ಪುಟಕ್ಕೂ ಭಾರವಿದೆ

ಒಂದು ಸಣ್ಣ ಲೆಕ್ಕ ಹಾಕೋಣ. ಅಂತರ್ಜಾಲದಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಜಾಗ ಬೇಕು. 'ಕಿ' ಅಂದರೆ 'ಕ' ಒಂದು, ಗುಡಿಸು ಒಂದು, ಒಟ್ಟು ಎರಡು ಸಂಕೇತ. 3,000 ಸಂಕೇತಗಳಿರುವ ಒಂದು ಪುಟದ ಬರಹ 9,000 ಬೈಟ್ ಆಯಿತು, ಅಂದ್ರೆ 10 ಕೆಬಿಯೊಳಗೇ. ಅದೇ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 3 ಎಂಬಿ ಇದ್ದರೆ, ಅದು 300ಕ್ಕೂ ಹೆಚ್ಚು ಪುಟಗಳ ಭಾರ!

ಬಂಡೀಪುರದ ಕಾಡಂಚಿನ ಊರುಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಸಿಗ್ನಲ್ ಹೇಗಿರುತ್ತೆ ಅಂತ ನಾವು ನಿಮಗೆ ಹೇಳಬೇಕಿಲ್ಲ. ಸೆಕೆಂಡಿಗೆ 100 ಕಿಲೋಬಿಟ್ ವೇಗ ಮಾತ್ರ ಸಿಕ್ಕರೆ ಆ ಬರಹ ಒಂದು ಸೆಕೆಂಡಿನೊಳಗೆ ಬರುತ್ತದೆ. ಆ ಫೋಟೋಗೆ ನಾಲ್ಕು ನಿಮಿಷ ಕಾಯಬೇಕು. ನಾಲ್ಕು ನಿಮಿಷ ಯಾರು ಕಾಯ್ತಾರೆ? ಫೋಟೋವನ್ನು 100 ಕೆಬಿಗೆ ಇಳಿಸಿ ಹಾಕುವುದು ಎರಡು ನಿಮಿಷದ ಕೆಲಸ. ಅಷ್ಟು ಮಾಡಿದರೆ ಓದುವವರ ಡೇಟಾ ಹಣವೂ ಉಳಿಯುತ್ತದೆ.

ಅಕ್ಷರ ಅಕ್ಷರವಾಗಿಯೇ ಇರಲಿ

ಕನ್ನಡ ಅಂತರ್ಜಾಲಕ್ಕೆ ಒಳ್ಳೆಯ ಇತಿಹಾಸವಿದೆ. 1996ರಲ್ಲೇ ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ' ಜಾಲಪತ್ರಿಕೆ ಆರಂಭಿಸಿದರು. 1998ರಲ್ಲಿ 'ಬರಹ' ತಂತ್ರಾಂಶ ಬಂತು, ನಂತರ 'ನುಡಿ' ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಆದರೆ ಆಗ ಬೇರೆ ಬೇರೆ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಈಗ ಹಾಗೆಯೇ ವೆಬ್‌ಸೈಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು.

ಇನ್ನೊಂದು ಅಭ್ಯಾಸ, ಕರಪತ್ರದ ಫೋಟೋ ತೆಗೆದು ಹಾಗೇ ಅಂಟಿಸೋದು. ಚಿತ್ರದೊಳಗಿನ ಅಕ್ಷರ ಹುಡುಕಾಟದಲ್ಲಿ ಸುಲಭವಾಗಿ ಸಿಗದು, ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಕಣ್ಣು ಕಾಣದವರಿಗೆ ಪರದೆ ಓದುವ ತಂತ್ರಾಂಶವಿದೆ. ಚಿತ್ರದ ಮುಂದೆ ಅದು ಸೋಲುತ್ತದೆ. ಯೂನಿಕೋಡ್ ಬರಹವಿದ್ದರೆ ಮೊಬೈಲೇ ಅದನ್ನು ಕನ್ನಡದಲ್ಲಿ ಓದಿ ಹೇಳಬಲ್ಲದು. ಓದು ಬರಹ ಬಾರದ ಅಜ್ಜಿಯೂ ಕೇಳಿಸಿಕೊಳ್ಳಬಹುದು.

ಬಂದು ಹೋಗುವ ಫ್ಯಾಷನ್ನು

ಹಿಂದೆ ಎಲ್ಲಾ ವೆಬ್‌ಸೈಟುಗಳಲ್ಲೂ ಓಡುವ ಅಕ್ಷರ, ಮಿನುಗುವ ನಕ್ಷತ್ರ, 'ಫ್ಲ್ಯಾಶ್' ಚಲನಚಿತ್ರ ಇರಲೇಬೇಕಿತ್ತು. ಆ ಫ್ಲ್ಯಾಶ್‌ಗೆ ತಯಾರಕರೇ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿದರು. ಯುವಕರು ಮುಗಿಬಿದ್ದಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಈಗ ಎಲ್ಲಾ ಸುದ್ದಿಯೂ ವಾಟ್ಸಾಪ್‌ನಲ್ಲಿ. ವಾಟ್ಸಾಪ್ ಬೇಡ ಅಂತಲ್ಲ. ಆದರೆ ಅಲ್ಲಿ ನಿನ್ನೆ ಹಾಕಿದ ಸೂಚನೆ ಇವತ್ತಿನ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತೆ. ಸೂಚನೆಯ ಮೂಲ ಸಂಸ್ಥೆಯ ಸ್ವಂತ ಪುಟದಲ್ಲಿರಲಿ, ಅದರ ಕೊಂಡಿ ವಾಟ್ಸಾಪ್‌ನಲ್ಲಿ ಹೋಗಲಿ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಗೆ ಹೇಳಿದರೆ ನಿಮಿಷದಲ್ಲಿ ಪುಟ ಸಿದ್ಧವಾಗುತ್ತದೆ. ಸಹಾಯಕ್ಕೆ ಬಳಸಿಕೊಳ್ಳಿ. ಆದರೆ ಯಾವ ದಾಖಲೆ ತರಬೇಕು, ಯಾವ ದಿನ ಶಿಬಿರ ಅನ್ನೋದನ್ನು ಅದು ಅಂದಾಜಿನಲ್ಲಿ ತಪ್ಪು ಬರೆದುಬಿಡಬಹುದು. ಊರು ಬಲ್ಲವರು ಒಬ್ಬರು ಓದಿ ಒಪ್ಪದೆ ಪ್ರಕಟಿಸಬೇಡಿ.

ಬಡವರ ಮುಖ ಜಾಹೀರಾತಲ್ಲ

ಸಮಾಜಸೇವೆಯ ವೆಬ್‌ಸೈಟುಗಳಲ್ಲಿ ಹರಿದ ಬಟ್ಟೆಯ ಮಗು, ಕಣ್ಣೀರಿಡುವ ವಿಧವೆ, ರೋಗಿಯ ಚಿತ್ರ ಧಾರಾಳವಾಗಿ ಕಾಣುತ್ತವೆ. ಆ ಮಗು ನಾಳೆ ಕಾಲೇಜಿಗೆ ಹೋದಾಗ ಸ್ನೇಹಿತರು ಆ ಚಿತ್ರ ನೋಡಿದರೆ ಅದಕ್ಕೆ ಹೇಗಾಗಬೇಡ? ಕಾನೂನೂ ಇದನ್ನೇ ಹೇಳುತ್ತದೆ. ರಕ್ಷಣೆಯಲ್ಲಿರುವ ಮಕ್ಕಳ ಗುರುತು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸದಂತೆ 2017ರ ಕಾಯ್ದೆ ತಡೆದಿದೆ. ದುಡಿಯುವ ಕೈ, ಬೆಳೆದ ಅರಿಶಿನ, ಸಭೆ ನಡೆಸುವ ಸಂಘ ಇವುಗಳ ಚಿತ್ರವನ್ನು ಕೇಳಿ, ತೋರಿಸಿ, ಒಪ್ಪಿಗೆ ಪಡೆದು ಹಾಕೋಣ.

ನಾಳೆಯಿಂದಲೇ ಮಾಡಬಹುದಾದದ್ದು

1. ಮೊದಲ ಪುಟ ಕನ್ನಡದಲ್ಲಿರಲಿ, ಇಂಗ್ಲಿಷ್ ಎರಡನೆಯದಾಗಲಿ.
2. ಯೋಜನೆ, ಬೇಕಾದ ದಾಖಲೆ, ಕೊನೆಯ ದಿನಾಂಕ, ಫೋನ್ ನಂಬರ್ ಈ ನಾಲ್ಕೂ ಮೇಲ್ಭಾಗದಲ್ಲೇ ಕಾಣಲಿ.
3. ದಿನಾಂಕ ಮುಗಿದ ಸೂಚನೆಯನ್ನು ಅಂದೇ ತೆಗೆಯಿರಿ. ಹಳೆಯ ಸೂಚನೆ ನಂಬಿ ಬಂದವರ ಬಸ್ ಚಾರ್ಜು ಯಾರೂ ಕೊಡುವುದಿಲ್ಲ.
4. ಪುಟ ಸಿದ್ಧವಾದ ಮೇಲೆ ಸಂಘದ ಒಬ್ಬ ಸದಸ್ಯೆಯ ಕೈಗೆ ಅವರದೇ ಫೋನಿನಲ್ಲಿ ಕೊಡಿ. ಪಕ್ಕದಲ್ಲಿ ಕೂತು ಸುಮ್ಮನೆ ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ಪುಟವನ್ನು.

ಪ್ರಿಯರೇ, 2002ರ ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕೆ ಎರಡನೇ ಜಾನ್ ಪೌಲ್ ಜಗದ್ಗುರುಗಳು ಅಂತರ್ಜಾಲವನ್ನೇ ವಿಷಯವಾಗಿ ಆರಿಸಿದ್ದರು. ಅದೇ ವರ್ಷ ವ್ಯಾಟಿಕನ್ ಹೊರತಂದ ಅಂತರ್ಜಾಲ ನೀತಿಯ ದಸ್ತಾವೇಜು, ಮಾಹಿತಿ ಸಿಗುವವರಿಗೂ ಸಿಗದವರಿಗೂ ನಡುವಿನ ಕಂದಕದ ಬಗ್ಗೆ ಎಚ್ಚರಿಸಿತ್ತು. ಆ ಕಂದಕ ನಮ್ಮ ತಾಲ್ಲೂಕುಗಳಲ್ಲೂ ಇದೆ. ಅದನ್ನು ಮುಚ್ಚಲು ದೊಡ್ಡ ಬಂಡವಾಳ ಬೇಕಿಲ್ಲ. ಹಗುರವಾದ ಪುಟ, ತಿಳಿಗನ್ನಡ, ಸರಿಯಾದ ದಿನಾಂಕ ಸಾಕು. ಇಲ್ಲಿರುವ ಯುವಜನರು ಈ ಕೆಲಸ ಕಲಿತು ತಮ್ಮ ಊರಿಗೆ ಒಯ್ಯಲಿ ಎಂದು ಹಾರೈಸುತ್ತೇವೆ. ದೇವರು ನಿಮ್ಮ ಶ್ರಮವನ್ನು ಆಶೀರ್ವದಿಸಲಿ.