ಹೊಳೆದಂಡೆಯ ಮರಳು, ಬಾದಾಮಿಯ ಕಲ್ಲು

ಮಕ್ಕಳೇ, ಹೊಳೆಆಲೂರಿನ ದಂಡೆಗೆ ಹೋದಾಗ ಮಲಪ್ರಭೆಯ ಮರಳನ್ನು ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿಯಿರಿ. ಬೆಳ್ಳಗೆ ಮಿನುಗುವ ಕಾಳುಗಳಲ್ಲಿ ಹೆಚ್ಚಿನವು ಬೆಣಚುಕಲ್ಲಿನ ಚೂರುಗಳು. ನಿಮ್ಮೂರಿನಿಂದ ರೈಲು ಹತ್ತಿದರೆ ಸಿಗುವ ಬಾದಾಮಿಯ ಕೆಂಪು ಗುಡ್ಡದಲ್ಲಿರುವುದೂ ಮುಖ್ಯವಾಗಿ ಇಂಥ ಕಾಳುಗಳೇ. ಅದು ಮರಳುಗಲ್ಲು.

ಕೋಟ್ಯಂತರ ವರ್ಷಗಳ ಹಿಂದೆ, ಡೈನೋಸಾರ್‌ಗಳೂ ಹುಟ್ಟಿರದಿದ್ದ ಕಾಲದಲ್ಲಿ, ನೀರು ತಂದು ಹಾಸಿದ ಮರಳು ಪದರದ ಮೇಲೆ ಪದರವಾಗಿ ಕೂತಿತು. ಮೇಲಿನ ಭಾರಕ್ಕೆ ಕೆಳಗಿನದು ಒತ್ತಿಕೊಂಡಿತು. ಸಂದಿಗಳಲ್ಲಿ ಇಳಿದ ನೀರು ತನ್ನಲ್ಲಿ ಕರಗಿದ್ದ ಖನಿಜಗಳನ್ನು ಅಲ್ಲೇ ಬಿಟ್ಟಿತು. ಚಿಕ್ಕಿಯಲ್ಲಿ ಶೇಂಗಾ ಬೀಜಗಳನ್ನು ಬೆಲ್ಲ ಹಿಡಿದಿಡುವಂತೆ ಆ ಖನಿಜಗಳು ಕಾಳುಗಳನ್ನು ಬೆಸೆದವು. ಕೆಂಪು ಬಣ್ಣ ಬಂದದ್ದು ಅದರೊಳಗಿನ ಕಬ್ಬಿಣದ ತುಕ್ಕಿನಿಂದ.

ಗುರುತು ಹಿಡಿಯುವುದು ಹೇಗೆ? ಕೆಳಗೆ ಬಿದ್ದಿರುವ ಚೂರೊಂದನ್ನು ಬೆರಳಿನಿಂದ ಉಜ್ಜಿ, ಗರಗರ ಎನ್ನುತ್ತದೆ. ಭೂತಗನ್ನಡಿಯಲ್ಲಿ ಕಾಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಎಲ್ಲವೂ 2 ಮಿಲಿಮೀಟರಿಗಿಂತ ಸಣ್ಣವು. ಅದಕ್ಕಿಂತ ದಪ್ಪನೆಯವು ಹರಳುಕಲ್ಲು, ಮರಳಲ್ಲ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರಸಿಯೂ ಪದರುಗಲ್ಲೇ, ಆದರೆ ಅದು ಸುಣ್ಣದಕಲ್ಲು. ಒಡೆದ ಫರಸಿಯ ಚೂರನ್ನು ಕೆರೆದು ಪುಡಿಯ ಮೇಲೆ ಲಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಬೆಣಚುಕಾಳುಗಳ ಮೇಲೆ ಹಿಂಡಿ ನೋಡಿ, ಏನೂ ಆಗದು. ಈ ಪರೀಕ್ಷೆಗಳನ್ನು ಗುಹೆ, ಗುಡಿಗಳ ಗೋಡೆಯ ಮೇಲೆ ಮಾತ್ರ ಮಾಡಲೇಬೇಡಿ! ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಕೆತ್ತಿಸಿದ ಬಾದಾಮಿಯ ಮೂರನೆಯ ಗುಹೆ ಇಂದಿಗೂ ಉಳಿದಿದೆ. ಒಂದು ಗೀರು ಬಿದ್ದರೆ ಅದು ಮತ್ತೆ ಮಾಯುವುದಿಲ್ಲ. ದಪ್ಪ ಪದರಗಳ, ಉಳಿಗೆ ಒಗ್ಗುವ ಈ ಮರಳುಗಲ್ಲು ಸಿಕ್ಕಿದ್ದು ಚಾಲುಕ್ಯ ಶಿಲ್ಪಿಗಳ ಭಾಗ್ಯ ಎಂದೇ ನನಗನ್ನಿಸುತ್ತದೆ. ಬಂಡೆಯ ಹೊಟ್ಟೆಯೊಳಗೆ ಕಂಬ, ಮಾಡು, ಮೂರ್ತಿ ಎಲ್ಲವನ್ನೂ ಬಿಡಿಸಿದ್ದಾರಲ್ಲ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಬಂಡೆಗಳಲ್ಲಿನ ಓರೆಗೆರೆಗಳು. ಹರಿವ ನೀರು ಮರಳನ್ನು ದಿಬ್ಬದ ಮೇಲೆ ನೂಕಿ, ಆಚೆಯ ಇಳಿಜಾರಿಗೆ ಉರುಳಿಸುತ್ತದೆ. ಹೀಗೆ ಒಂದರ ಮೇಲೊಂದು ಓರೆ ಪದರ ಬೀಳುತ್ತದೆ. ಪದರಗಳು ಇಳಿದಿರುವ ದಿಕ್ಕೇ ನೀರು ಹರಿದ ದಿಕ್ಕು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಒದ್ದೆ ಮರಳಿನ ದಿಬ್ಬವನ್ನು ಸಲಿಕೆಯಿಂದ ನೇರವಾಗಿ ಕಡಿದು ನೋಡಿ. ಅಲ್ಲೂ ಇಂಥ ಗೆರೆಗಳು ಸಿಕ್ಕಾವು. ಆಮೇಲೆ ಬಾದಾಮಿಗೆ ಹೋದಾಗ, ಅಲ್ಲಿನ ಹಳೆಯ ನೀರು ಯಾವ ಕಡೆಗೆ ಹರಿದಿತ್ತೆಂದು ನೀವೇ ಹೇಳಬಲ್ಲಿರಿ.